ಹಿಮದ ಮೇಲೆ ಟೀ ಚರಟ

ಬೆಳಿಗ್ಗೆ ಸೋಸಿದ ಟೀ ಚರಟವನ್ನು ಬಾಲ್ಕನಿಯ ಗುಲಾಬಿ ಕುಂಡಕ್ಕೆ ಸುರಿಯುವಾಗ ಏಳುವ ಆ ಒದ್ದೆ ವಾಸನೆ... ತುಮಕೂರಿನ ಈ ಮನೆಯಿಂದ ಎಳೆದುಕೊಂಡು ಹೋಗಿ ನನ್ನನ್ನು ಗುಬ್ಬಿಯ ನಮ್ಮ ಪಕ್ಕದ ಮನೆಯ ಜಗಲಿಯ ಮೇಲೆ ಕೂರಿಸುತ್ತದೆ.

ಆ ಮನೆಯಲ್ಲಿದ್ದವರು ಮಿಲಿಟ್ರಿ ಮಾವ. ಸೈನ್ಯದಿಂದ ರಿಟೈರಾಗಿ ಬಂದವರು. ನೆಂಟರೇನಲ್ಲ, ಆದರೂ ಬೀದಿಗೆಲ್ಲ ಮಾವ. ಏಪ್ರಿಲ್ ಬಿಸಿಲಲ್ಲೂ ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿಕೊಂಡೇ ಕುಡಿಯುತ್ತಿದ್ದರು. ಪ್ರತಿ ಗಣರಾಜ್ಯೋತ್ಸವಕ್ಕೆ ನಮ್ಮ ಹೈಸ್ಕೂಲಿನವರು ಅವರನ್ನು ಭಾಷಣಕ್ಕೆ ಕರೆಯುತ್ತಿದ್ದರು. ಹಿಂದಿನ ದಿನವೇ ಶರ್ಟಿಗೆ ಇಸ್ತ್ರಿ, ಶೂಗೆ ಪಾಲಿಶ್. ವರ್ಷದಲ್ಲಿ ಆ ಒಂದು ದಿನ ಊರು ಅವರ ಮಾತಿಗೆ ಕಿವಿಗೊಡುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ಅವರು ಗಡಿಯ ಬೆಟ್ಟದ ಮೇಲಿನ ಒಂದು ಸಂಗತಿ ಹೇಳಿದರು. ಡೇರೆಯ ಹಿಂದೆ ಹಿಮದ ಮೇಲೆ ಟೀ ಚರಟ ಎಸೆಯುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಚರಟ ಬಿದ್ದಲ್ಲೆಲ್ಲ ಹಿಮ ಕರಗಿ ಗುಳಿ ಬಿದ್ದಿರುತ್ತಿತ್ತಂತೆ. ಥರ್ಮಾಮೀಟರು ಮಾತ್ರ ಸೊನ್ನೆಗಿಂತ ಐದು ಡಿಗ್ರಿ ಕೆಳಗೇ.

ವಿಜ್ಞಾನದಲ್ಲಿ ಫಸ್ಟ್ ಬರುತ್ತಿದ್ದ ನನಗೆ ಆಗ ಎರಡು ಕೊಂಬು. ಎದ್ದು ನಿಂತೆ. "ಸುಳ್ಳು ಮಾವ. ಸೊನ್ನೆಗಿಂತ ಕೆಳಗಿದ್ರೆ ಹಿಮ ಕರಗಲ್ಲ. ಬುಕ್ಕಲ್ಲೇ ಇದೆ."

ಇಡೀ ಶಾಲೆ ನಕ್ಕಿತು. ವಿಜ್ಞಾನದ ಮೇಷ್ಟ್ರೂ ನನ್ನ ಕಡೆ ನೋಡಿ ಹೌದೆಂದು ತಲೆಯಾಡಿಸಿದರು. ಮಾವ ಏನೋ ಹೇಳಲು ಬಾಯಿ ತೆರೆದರು... ನಗು ನಿಲ್ಲಲಿಲ್ಲ. ಮುಂದಿನ ವರ್ಷದಿಂದ ಶಾಲೆಯವರು ಅವರನ್ನು ಕರೆಯಲಿಲ್ಲ. ಹುಡುಗರ ಬಾಯಲ್ಲಿ ಅವರು ಬುರುಡೆ ಮಾವ ಆದರು.

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಅದೇ ಇವತ್ತಿಗೂ ನನಗೆ ಸಂಕಟ. ಒಂದು ಸಂಜೆ ಕಾಂಪೌಂಡಿನ ಆಚೆಯಿಂದ ಕರೆದು ಹೇಳಿದ್ದರು: "ಥರ್ಮಾಮೀಟ್ರು ನೇತಾಕಿದ್ದು ನೆರಳಲ್ಲಿ ಕಣವ್ವ. ಚರಟ ಬಿದ್ದಿದ್ದು ಬಿಸ್ಲಲ್ಲಿ. ಒಸಿ ಯೋಚ್ನೆ ಮಾಡು."

ಓದೋದಿದೆ ಅಂತ ನಾನು ಒಳಗೆ ಹೋದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಎರಡನ್ನೂ ಮಾಡದೆ ತೀರ್ಪು ಕೊಟ್ಟ ಜಾಣೆ ನಾನು.

ಮುಂದೆ ವಿಜ್ಞಾನದ ಟೀಚರೇ ಆದೆ. ಹೋದ ಚಳಿಗಾಲದಲ್ಲಿ ಜೊತೆಯ ಟೀಚರುಗಳೊಂದಿಗೆ ಮನಾಲಿಗೆ ಹೋದಾಗ ಮೊದಲ ಸಲ ಹಿಮ ಕಂಡೆ. ಫೋನು ಮೈನಸ್ ನಾಲ್ಕು ತೋರಿಸುತ್ತಿತ್ತು, ಬಿಸಿಲು ಚೆನ್ನಾಗಿತ್ತು. ಟೀ ಅಂಗಡಿಯ ಹೆಂಗಸಿನಿಂದ ಒಂದು ಹಿಡಿ ತಣ್ಣಗಾದ ಚರಟ ಕೇಳಿ ತಂದು ಹಿಮದ ಮೇಲೆ ಎರಚಿದೆ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು ಆಕೆ. ಬಿಳಿಯ ಹಿಮ ಬಿಸಿಲನ್ನು ಬಂದ ಹಾಗೇ ವಾಪಸ್ ಕಳಿಸುತ್ತದೆ. ಕಪ್ಪು ಚರಟ ಅದನ್ನು ಹೀರಿಕೊಂಡು ಕಾಯುತ್ತದೆ, ಗಾಳಿ ಎಷ್ಟೇ ಕೊರೆಯುತ್ತಿರಲಿ, ಕೆಳಗಿನ ಹಿಮವನ್ನು ಕರಗಿಸುತ್ತದೆ. ಕಪ್ಪು ಬಟ್ಟೆ ಬೇಗ ಕಾಯುತ್ತದೆ ಎಂದು ವರ್ಷ ವರ್ಷ ಪಾಠ ಮಾಡಿದವಳಿಗೆ ಇದು ಹೊಳೆದಿರಲಿಲ್ಲ... ಗಂಟೆ ಕಳೆಯುವುದರೊಳಗೆ ಚರಟವೆಲ್ಲ ಸಣ್ಣ ಸಣ್ಣ ಗುಳಿಗಳಲ್ಲಿ ಇಳಿದು ಕೂತಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.

ವಾಪಸ್ ಬಂದವಳೇ ಗುಬ್ಬಿಗೆ ಹೋದೆ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು, ಗೊತ್ತಿದ್ದೂ ಹೋದೆ. ಅವರ ಹೆಂಡತಿ ಅಡುಗೆಮನೆಯಲ್ಲಿ ಕೂರಿಸಿ ಟೀಗೆ ಇಟ್ಟರು.

"ಮಾವ ಅವತ್ತು ಹೇಳಿದ್ದು ನಿಜ ಅತ್ತೆ," ಅಂದೆ.

ಅವರು ಸೋಸುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತಿತ್ತು ಬುಡವ್ವ. ಆ ಮಗೀಗೆ ಒಂದಿನ ಗೊತ್ತಾಯ್ತದೆ, ಬಂದು ಹೇಳ್ತಾಳೆ ಅಂತಿದ್ರು. ಆಮೇಲಾಮೇಲೆ ಆ ಮಾತೂ ಆಡ್ತಿರ್ಲಿಲ್ಲ."

ಇವತ್ತೂ ಕುಂಡಕ್ಕೆ ಚರಟ ಸುರಿದು ಕೈ ತೊಳೆದುಕೊಂಡೆ. ಸುಳ್ಳು ಅಂದದ್ದು ಇಡೀ ಶಾಲೆಯ ಮುಂದೆ. ನಿಜ ಅಂದದ್ದು ಒಂದು ಅಡುಗೆಮನೆಯಲ್ಲಿ, ಅವರೇ ಇಲ್ಲದಾಗ.