ತೋಮನ ಪಾಠದ ಹಿಂದಿನ ಸಂಜೆ

ಚಿಕ್ಕಮ್ಮನ ಜಪಮಾಲೆಯ ಶಿಲುಬೆಗೆ ಹುಣಸೆಹಣ್ಣಿನ ನಾರೊಂದು ಅಂಟಿಕೊಂಡಿತ್ತು. ಗುಂಡ್ಲುಪೇಟೆಯ ಅವಳ ಮನೆಯ ಜಗಲಿಯಲ್ಲಿ ಇಬ್ಬರೂ ಹುಣಸೆಬೀಜ ಬಿಡಿಸುತ್ತಿದ್ದೆವು. ಈಸ್ಟರ್ ಮುಗಿದ ವಾರ. ಬರುವ ಭಾನುವಾರ ಚಾಮರಾಜನಗರದ ನಮ್ಮ ಚರ್ಚಿನ ಮಕ್ಕಳಿಗೆ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಪ್ರೇಷಿತ ಸಂತ ತೋಮನ ಜೀವನ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಜಗಲಿಗೆ ಬಂದು ಕೂತ ಪಕ್ಕದ ಮನೆಯ ಮಲಯಾಳಿ ಅಜ್ಜಿ, ತೋಮ ತಮ್ಮೂರಿನ ಅಳಿಯನೋ ಎಂಬಂತೆ, ಅವನು ಹಡಗು ಹತ್ತಿ ಕೇರಳಕ್ಕೆ ಬಂದದ್ದನ್ನೂ ಮದ್ರಾಸಿನ ಗುಡ್ಡದಲ್ಲಿ ಈಟಿಗೆ ಸಿಕ್ಕಿ ಸತ್ತದ್ದನ್ನೂ ಹೇಳಿ ಎದ್ದುಹೋದರು.

ಉಳಿದ ಶಿಷ್ಯರು ಕಣ್ಣಾರೆ ಕಂಡೆವೆಂದು ಹೇಳಿದರೂ, ಶಿಲುಬೆಯ ಗಾಯಕ್ಕೆ ಬೆರಳಿಡದೆ, ಸತ್ತ ಯೇಸು ಎದ್ದನೆಂದು ಒಪ್ಪಲಾರೆ ಎಂದವನು ತೋಮ. ಆ ಭಾಗವನ್ನು ಚಿಕ್ಕಮ್ಮನಿಗೆ ಹೇಳುವಾಗ ನನ್ನ ಮಾತೂ ಹೊರಬಂತು. ಅಪ್ಪನನ್ನು ಮಣ್ಣು ಮಾಡಿದಂದಿನಿಂದ, ಸತ್ತವರು ಏಳುತ್ತಾರೆಂದು ನನಗೂ ನಂಬಲಾಗುತ್ತಿಲ್ಲ ಎಂದೆ. ಅಮ್ಮನಿಗೆ ತಿಳಿಯಬಾರದು ಎಂದು ಬೇಡಿಕೊಂಡೆ. ಅಪ್ಪನನ್ನು ಮತ್ತೆ ಕಾಣುತ್ತೇನೆಂಬ ಭರವಸೆಯಲ್ಲೇ ಅಮ್ಮ ದಿನ ದೂಡುತ್ತಿದ್ದಳು. ಚಿಕ್ಕಮ್ಮ ಹುಳಿ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು, ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟಳು.

ಶನಿವಾರ ಸಂಜೆಯ ಜಪಕೂಟ ನಮ್ಮ ಮನೆಯಲ್ಲಿತ್ತು. ಜಪಮಾಲೆ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಉಳಿದವರು ಒಟ್ಟಾಗಿ ದನಿಗೂಡಿಸಬೇಕು. ಒಬ್ಬರು ಮಂಡಿನೋವಿಗೆ ಬೇಡಿದರು, ಇನ್ನೊಬ್ಬರು ಮಗಳ ಹೆರಿಗೆಗೆ. ಬಸ್ಸು ಹತ್ತಿ ಬಂದಿದ್ದ ಚಿಕ್ಕಮ್ಮ ಕಣ್ಣು ಮುಚ್ಚಿದಳು.

"ನಮ್ಮಕ್ಕನ ಮಗಳ್ಗೆ ನಂಬ್ಕೆ ಓಗ್ಬುಟ್ಟದೆ. ಅವರಪ್ಪ ಎದ್ದ್ ಬತ್ತಾರೆ ಅಂತ ಅವಳು ನಂಬಕ್ಕಿಲ್ಲ. ಅವಳ್ಗೋಸ್ಕರ ಬೇಡ್ಕೊಳ್ಳನ."

"ಪ್ರಭುವೇ, ನಮ್ಮ ಮೊರೆ ಕೇಳಿ" ಎಂದರು ಎಲ್ಲರೂ. ರೂಢಿಯ ಬಲದಿಂದ ನನ್ನ ಬಾಯಿಯೂ ಅಂದಿತು. ಪಕ್ಕದಲ್ಲಿ ಅಮ್ಮ ಮಾತ್ರ ಅನ್ನಲಿಲ್ಲ.

ಕಾಫಿ ಲೋಟ ಕೆಳಗಿಡುತ್ತಾ ಯಾರೋ, ಹೆಣ್ಮಕ್ಕಳನ್ನು ಜಾಸ್ತಿ ಓದಿಸಿದರೆ ಹೀಗೇ ಎಂದು ನಕ್ಕರು. ಎಲ್ಲರೂ ಹೋದ ಮೇಲೆ ಚಿಕ್ಕಮ್ಮನನ್ನು ಹಿತ್ತಲಿಗೆ ಕರೆದು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನಾನೇನ್ ಊರೋರ್ಗೆ ಯೋಳುದ್ನಾ ಕಣಮ್ಮಿ? ದೇವ್ರಿಗ್ ಯೋಳ್ದೆ."

ಅವಳು ಸುಳ್ಳು ಹೇಳಿರಲಿಲ್ಲ. ಅದಕ್ಕೇ ಜಗಳವಾಡಲೂ ಆಗಲಿಲ್ಲ. ಅವಳ ಕಣ್ಣಿನಲ್ಲಿ ಅದು ಉಪಕಾರ. ನನಗೆ ಇನ್ನು ಯಾರ ಮುಂದೆಯೂ ಬಾಯಿ ಬಿಡಲಾಗದಂಥ ಗಾಯ.

ಅವಳು ಕೊನೆಯ ಬಸ್ಸಿಗೆ ಹೊರಟ ಮೇಲೆ ಅಮ್ಮ ಲೋಟ ತೊಳೆಯುತ್ತಲೇ, ನನ್ನತ್ತ ತಿರುಗದೆ ಕೇಳಿದಳು: "ಅಂಗಾದ್ರೆ ನಿಮ್ಮಪ್ಪನ್ನ ನಾವ್ ಇನ್ ನೋಡಕ್ಕಿಲ್ವಾ?"

ನನಗೆ ಗೊತ್ತಿಲ್ಲ ಎಂದೆ. ಅದಕ್ಕಿಂತ ಮೆತ್ತಗಿನ ನಿಜ ನನ್ನಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಎಬ್ಬಿಸದೆ ಚರ್ಚಿನ ಪೂಜೆಗೆ ಹೋಗಿದ್ದಳು. ನಾನು ಒಬ್ಬಳೇ ಹೋಗಿ ಮಕ್ಕಳೆದುರು ನಿಂತು ತೋಮನ ಪಾಠ ಮಾಡಿದೆ. ನಂಬುವುದಿಲ್ಲ ಎಂದ ಮೇಲೂ ಅವನು ಒಂದು ವಾರ ಅದೇ ಗೆಳೆಯರ ನಡುವೆ ಇದ್ದ, ಯಾರೂ ಅವನನ್ನು ಹೊರಗಟ್ಟಲಿಲ್ಲ ಎಂದೆ. ನಡುವೆ ಚಿಕ್ಕಮ್ಮನ ಫೋನ್ ಬಂತು. ಅದನ್ನು ಎತ್ತದೆ ಮಗುಚಿಟ್ಟು, ಪಾಠ ಮುಂದುವರಿಸಿ ತೋಮನನ್ನು ಹಡಗು ಹತ್ತಿಸಿದೆ.