ಲೆಕ್ಕದಲ್ಲಿ ಉಳಿದ ಶೇಂಗಾ ಕಾಳು

ಹಂಪಿಯ ಯಂತ್ರೋದ್ಧಾರಕ ಪ್ರಾಣದೇವರನ್ನು ನಂಬಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೊಸಪೇಟೆಯ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಸಣ್ಣದಕ್ಕೂ ರೇಗುವ ಸ್ವಭಾವ. ದೇವರ ವಿಷಯ ಬರೆದು ಅಭ್ಯಾಸವಿಲ್ಲ.

ಯುದ್ಧದ ಕಾಲ. ಆ ಭಾದ್ರಪದದಲ್ಲಿ ನಮ್ಮ ಒಬ್ಬಳೇ ಮಗಳು, ಆರು ವರ್ಷದವಳು, ವಿಷಮಜ್ವರದಿಂದ ತೀರಿಕೊಂಡಳು. ಬಳ್ಳಾರಿಯ ಆಸ್ಪತ್ರೆಗೆ ರೈಲಿನಲ್ಲಿ ಕರೆದೊಯ್ದಿದ್ದೆವು. ಬರುವಾಗ ಇಬ್ಬರೇ ಬಂದೆವು. ಅಂದಿನಿಂದ ನನ್ನ ಹೆಂಡತಿ ರುಕ್ಮಿಣಿ ಮಾತು ಬಿಟ್ಟಳು. ಅಡಿಗೆ ಮಾಡುವಳು, ಬಡಿಸುವಳು, ತುಳಸಿಗೆ ನೀರು ಹಾಕುವಳು. ಕರೆದರೆ ತಿರುಗಿ ನೋಡುವಳು, ಅಷ್ಟೇ. ಡಾಕ್ಟರು ಪರೀಕ್ಷಿಸಿ, "ಗಂಟಲಾಗ ಏನೂ ದೋಷ ಇಲ್ರಿ ಮೇಷ್ಟ್ರ. ಮಾತು ತಾನಾಗೇ ಬರ್ಬೇಕು" ಎಂದರು.

ನನಗೂ ಏನೂ ಅನ್ನಿಸುತ್ತಿರಲಿಲ್ಲ. ಊಟದ ರುಚಿ ತಿಳಿಯದು, ಅಳುವೂ ಬಾರದು. ಶನಿವಾರ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ, ಅಲ್ಲಿಂದ ನಡೆದು, ಪ್ರಾಣದೇವರಿಗೆ ಪ್ರದಕ್ಷಿಣೆ ಹಾಕುತ್ತಿದ್ದೆ. "ಅವಳ ಬಾಯಿಂದ ಒಂದು ಮಾತು ಕೊಡಿಸಪ್ಪಾ" ಎಂದು ಬೇಡುತ್ತಿದ್ದೆ. ಭಕ್ತಿಯಿತ್ತೆಂದು ಹೇಳಲಾರೆ. ಕಾಲು ನಡೆಯುತ್ತಿತ್ತು, ಬಾಯಿ ಬೇಡುತ್ತಿತ್ತು.

ಮಾಘದಲ್ಲಿ ಪರೀಕ್ಷೆ ಹತ್ತಿರ ಬಂತು. ಬೋರ್ಡಿನ ಮೇಲೆ ಸಮೀಕರಣ ಸರಿದೂಗಿಸಿ ಎಂದರೆ ಹುಡುಗರು ಕಣ್ಣು ಕಣ್ಣು ಬಿಡುತ್ತಿದ್ದರು. ಹಾಗಾಗಿ ಸಂಜೆ ಮನೆಗೆ ಬರಹೇಳಿ, ಪಡಸಾಲೆಯ ಚಾಪೆಯ ಮೇಲೆ ಕಾಳು ಹರಡಿ ಕಲಿಸತೊಡಗಿದೆ. ಹುಣಸೆಬೀಜ ಜಲಜನಕ, ಶೇಂಗಾ ಆಮ್ಲಜನಕ. ಎರಡೂ ಜೋಡಿಜೋಡಿಯಾಗಿಯೇ ಬರುತ್ತವೆ. ನೀರಾಗಲು ಎರಡು ಹುಣಸೆಬೀಜಕ್ಕೆ ಒಂದೇ ಶೇಂಗಾ. ಮೊದಲಿದ್ದದ್ದೆಲ್ಲ ಕೊನೆಗೂ ಇರಬೇಕು, ಅದೇ ನಿಯಮ.

ಕಂಪ್ಲಿಯ ಬಸವರಾಜ ಎರಡರಲ್ಲೂ ಒಂದೊಂದು ಜೋಡಿ ತೆಗೆದುಕೊಂಡು ನೀರು ಮಾಡಿದ. ಒಂದು ಶೇಂಗಾ ಉಳಿಯಿತು. ಮಹಾಶಯ ಅದನ್ನು ಬಾಯಿಗೆ ಹಾಕಿಕೊಂಡು, "ಈಗ ಸರಿ ಆತ್ರಿ ಸಾರ್" ಎಂದ. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಅವನ ಕಿವಿಗೆ ಕೈ ಹಾಕಿದೆ.

"ಅದನ್ನ ಬಿಟ್ಟು ಲೆಕ್ಕ ಮುಗಸಬ್ಯಾಡೋ. ಅದೂ ಇತ್ತಲ್ಲ."

ಮಾತು ಬಂದದ್ದು ಅಡಿಗೆಮನೆಯ ಹೊಸ್ತಿಲಿನಿಂದ. ಅಲ್ಲಿ ರುಕ್ಮಿಣಿ ನಿಂತಿದ್ದಳು. ದಿನವೂ ಅಲ್ಲಿ ನಿಂತು ಪಾಠ ಕೇಳುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ದನಿ ಒಡೆದಿತ್ತು.

"ತಪ್ಪಾತ್ರಿ ಅಮ್ಮಾರ" ಎಂದ ಬಸವರಾಜ.

ಅವಳು ಒಳಗಿನಿಂದ, ಅವನು ತಿಂದದ್ದರ ಬದಲಿಗೆ ಒಂದು ಶೇಂಗಾ, ಜೊತೆಗೆ ಎರಡು ಹುಣಸೆಬೀಜ ತಂದು ಚಾಪೆಯ ಮೇಲಿಟ್ಟಳು. "ಇದಕ್ಕೂ ಜೋಡಿ ಕೊಡು. ಆಗ ಎರಡು ನೀರಾಗ್ತಾವ" ಎಂದಳು. ನಾನು ಹುಡುಗನ ಕಿವಿ ಹಿಡಿದುಕೊಂಡೇ ಕುಳಿತಿದ್ದೆ.

ಮುಂದಿನ ಶನಿವಾರ ಇಬ್ಬರೂ ಹಂಪಿಗೆ ಹೋದೆವು. ಅರ್ಚಕರು ಸಂಕಲ್ಪಕ್ಕೆ ಮನೆಯವರ ಹೆಸರು ಕೇಳಿದರು. ನಮ್ಮಿಬ್ಬರದು ಹೇಳಿದೆ.

"ಸುಶೀಲಾ" ಎಂದಳು ರುಕ್ಮಿಣಿ.

ಅರ್ಚಕರು ನಮ್ಮ ಮಗಳನ್ನು ಬಲ್ಲವರು. ತೀರಿಹೋದವರ ಹೆಸರನ್ನು ಸಂಕಲ್ಪದಲ್ಲಿ ಹೇಳುವ ಪದ್ಧತಿಯಿಲ್ಲ. ನನ್ನ ಮುಖ ನೋಡಿದರು.

"ಹೇಳ್ರಿ ಆಚಾರ್ರ" ಎಂದೆ. ಹೇಳಿದರು.

ನನಗೆ ಅಳು ಇನ್ನೂ ಬಂದಿಲ್ಲ. ನಾನು ಬೇಡಿದ್ದು ಅದನ್ನಲ್ಲ. ಬೇಡಿದ್ದನ್ನು ಪ್ರಾಣದೇವರು ಕೊಟ್ಟರು. ಭಕ್ತಿಯಿಲ್ಲದೆ ಸುತ್ತಿದ ನನ್ನನ್ನೂ ಅವರು ಕೈಬಿಡಲಿಲ್ಲ, ಇನ್ನು ಬಿಡುವುದೂ ಇಲ್ಲ. ಪ್ರತಿ ಶನಿವಾರ ನಮ್ಮ ಮೂವರ ಹೆಸರಿನಲ್ಲೂ ಅರ್ಚನೆ ಮಾಡಿಸುತ್ತೇವೆ.