ಬಿಚ್ಚುವ ಮೊದಲು ಒಂದು ಫೋನು

ಖಾಸಿಂ ಉಸ್ತಾದರು ಕೆಟ್ಟ ಗಾಡಿಯ ಹತ್ತಿರ ಬಂದರೆ ಮೊದಲು ಕೈಗೆ ತೆಗೆದುಕೊಳ್ಳುತ್ತಿದ್ದದ್ದು ಬೋಲ್ಟು ಬಿಚ್ಚುವ ಪಾನಾ ಅಲ್ಲ, ಫೋನು. ಅದು ಗುಂಡಿ ಒತ್ತುವ ಸಣ್ಣ ಫೋನು. ಎಣ್ಣೆ ಮೆತ್ತಬಾರದೆಂದು ಅದನ್ನು ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿರುತ್ತಿದ್ದರು. ಕವರಿನ ಮೇಲಿಂದಲೇ ಗುಂಡಿ ಒತ್ತಿ, ಮಸ್ಕಿಯ ಲಿಂಗಸುಗೂರು ರಸ್ತೆಯ ಅರ್ಧ ಅಂಗಡಿಗಳಿಗೆ ಕೇಳುವ ಹಾಗೆ ಮಾತಾಡುವರು. "ಹಲೋ, ನಿನ್ನ ಗಾಡಿ ನನ್ನ ಹತ್ರ ಬಂದೈತಿ. ಎಲ್ಲೆಲ್ಲಿ ಕೈ ಹಚ್ಚೀದಿ ಹೇಳು, ಆಮ್ಯಾಲ ಬಿಚ್ತೀನಿ."

ಒಬ್ಬ ಮೇಸ್ತ್ರಿ ರಿಪೇರಿ ಮಾಡಿದ ಗಾಡಿ ಇನ್ನೊಬ್ಬನ ಕೈಗೆ ಬಂದರೆ, ಮೊದಲನೆಯವನಿಗೆ ತಿಳಿಸದೆ ಬಿಚ್ಚಬಾರದು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹಳೆಯ ಮೇಸ್ತ್ರಿಗಳು ನಡೆಸಿಕೊಂಡು ಬಂದ ರಿವಾಜು ಇದು. ಉಳಿದವರು ನೆನಪಾದರೆ ಫೋನ್ ಮಾಡುತ್ತಿದ್ದರು, ಇಲ್ಲವಾದರೆ ಇಲ್ಲ. ಉಸ್ತಾದರು ಮಾತ್ರ ಅದನ್ನು ಬಿಡಲಿಲ್ಲ. ಅದೇ ಅವರನ್ನು ತಿಂದಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ನಾನು ಮದುವೆಗಳ ಫೋಟೋ, ವಿಡಿಯೋ ತೆಗೆಯುವವನು. ನನ್ನದು ಸೀಟಿನ ಕೆಳಗೇ ಇಂಜಿನ್ ಇರುವ ಹಳೆಯ ಪೆಟ್ರೋಲ್ ವ್ಯಾನು. ಅದನ್ನು ಸಿಂಧನೂರಿನಲ್ಲಿ ಕೊಂಡ ಹೊಸತರಲ್ಲಿ ಮುದಗಲ್ಲಿನ ಒಂದು ಮದುವೆಗೆ ಹೊರಟಿದ್ದೆ. ಮಸ್ಕಿ ಮುಟ್ಟುವ ಹೊತ್ತಿಗೆ ಕೂತ ಜಾಗ ಕಾದ ಹಂಚಾಗಿತ್ತು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ಯಾರೋ ಉಸ್ತಾದರ ಗ್ಯಾರೇಜು ತೋರಿಸಿದರು. ಅವರು ನೀರಿನ ಮುಚ್ಚಳವನ್ನು ಕೂಡಲೇ ಮುಟ್ಟಲಿಲ್ಲ. "ಗಾಡಿ ಸಿಟ್ಟಿಗೆದ್ದೈತಿ, ತಣ್ಣಗಾಗಲಿ. ನೀನೂ ತಣ್ಣಗಾಗು" ಎಂದು ಚಹಾ ತರಿಸಿದರು. ಆಮೇಲೆ ಮುಚ್ಚಳ ತೆಗೆದು ನೋಡಿ, ನೆಲಕ್ಕೆ ಬಗ್ಗಿ ಗಾಡಿಯ ಕೆಳಗೆ ಕೈ ಆಡಿಸಿ, ಒಣಗಿದ ಅಂಗೈ ನನಗೆ ತೋರಿಸಿದರು.

"ರೇಡಿಯೇಟರ್‌ನಾಗ ನೀರಿಲ್ಲ. ನೆಲಕ್ಕೂ ಬಿದ್ದಿಲ್ಲ. ಹಂಗಾದ್ರ ಕುಡದೋರು ಯಾರು? ಇದಕ್ಕ ಮೊದಲ ಯಾರ ಕೈ ಹಚ್ಯಾರ?"

ನನಗೆ ಗೊತ್ತಿರಲಿಲ್ಲ. ಗಾಡಿ ಮಾರಿದವನ ಫೋನು ಹತ್ತಲಿಲ್ಲ. ಮುದಗಲ್ಲಿನಲ್ಲಿ ಅಕ್ಷತೆಯ ಹೊತ್ತು ಹತ್ತಿರ ಬಂದಿತ್ತು. ನಾನು ಗೋಗರೆದದ್ದಕ್ಕೆ, ಬೈಯುತ್ತಲೇ, ಥರ್ಮೋಸ್ಟ್ಯಾಟ್ ಬದಲಿಸಿ ನೀರು ತುಂಬಿ ಕಳಿಸಿದರು. ಮರುದಿನ ವಾಪಸು ಬರುವಾಗ ಮತ್ತೆ ಅದೇ ಹಾಡು. ಗ್ಯಾರೇಜಿನ ಮುಂದೆ ಗಾಡಿ ನಿಂತ ಕೂಡಲೇ ಉಸ್ತಾದರು, "ನಂದ ತಪ್ಪು. ಕೇಳದ ಕೈ ಹಚ್ಚಿದೆ" ಎಂದರು. ಈ ಸಲ ಮಾರಿದವನ ಫೋನು ಹತ್ತಿತು, ಅವನಿಂದ ಸಿಂಧನೂರಿನ ಮೇಸ್ತ್ರಿಯ ನಂಬರು ಸಿಕ್ಕಿತು. ಆ ಮೇಸ್ತ್ರಿ ಮುಚ್ಚುಮರೆಯಿಲ್ಲದೆ ಹೇಳಿದ: ಕಾರ್ಬುರೇಟರ್ ಕೆಲಸಕ್ಕೆಂದು ಇನ್‌ಟೇಕ್ ಬಿಚ್ಚಿದ್ದೆ, ಹೊಸ ಪ್ಯಾಕಿಂಗ್ ಸಿಗಲಿಲ್ಲ, ಹಳೆಯದನ್ನೇ ಕೂಡಿಸಿದೆ.

ಗಾಳಿ, ಪೆಟ್ರೋಲು ಇಂಜಿನ್ನಿನ ಒಳಗೆ ಹೋಗುವ ದಾರಿ ಈ ಇನ್‌ಟೇಕ್. ನನ್ನ ಗಾಡಿಯಲ್ಲಿ ರೇಡಿಯೇಟರಿನ ನೀರು ಕೂಡ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ಇಂಜಿನ್ನಿಗೆ ಕೂಡುವ ಜಾಗದಲ್ಲಿ ಕಾಗದದಷ್ಟು ತೆಳುವಾದ ಪ್ಯಾಕಿಂಗ್ ಇರುತ್ತದೆ. ಅದು ಬಾಯಿ ಬಿಟ್ಟರೆ ಇಂಜಿನ್ನು ನೀರನ್ನು ಒಳಗೆಳೆದುಕೊಂಡು ಕುಡಿದು, ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡುತ್ತದೆ. ಉಸ್ತಾದರು ಇಂಜಿನ್ ಚಾಲೂ ಮಾಡಿ ಆ ಕೂಡುವ ಜಾಗದ ಮೇಲೆ ಒಂದು ಧಾರೆ ನೀರು ಬಿಟ್ಟರು. ನೀರು ಸಂದು ಮುಚ್ಚಿದ್ದಕ್ಕೆ, ಗಡಗಡ ನಡುಗುತ್ತಿದ್ದ ಇಂಜಿನ್ನು ಒಂದು ಗಳಿಗೆ ನಡುಕ ಬಿಟ್ಟು ಸಮವಾಗಿ ಓಡಿತು. "ನೋಡು, ಇಲ್ಲಿ ಬಾಯಿ ಬಿಟ್ಟೈತಿ" ಎಂದರು. ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆದು, ಜಾಗ ಒರೆಸಿ, ಹೊಸದನ್ನು ಕೂಡಿಸಿ, ನಡುವಿನ ಬೋಲ್ಟಿನಿಂದ ಹೊರಗಿನದಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬಂದರು. ಸಿಂಧನೂರಿನವನನ್ನು ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. "ಪ್ಯಾಕಿಂಗಿಗೆ ವಯಸ್ಸಾಗಿತ್ತು" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಹಾಗಂತ ಅವರೇನು ಸಾಧು ಮನುಷ್ಯರಲ್ಲ. ಬಾಯಿ ಬಲು ಕೆಟ್ಟದು. ನೀರು ನೋಡದೆ ಗಾಡಿ ಓಡಿಸಿದವನಿಗೆ, "ಎಮ್ಮಿಗೆ ನೀರು ಕುಡಿಸ್ತೀಯಲ್ಲ, ಇದೇನ್ ಪಾಪ ಮಾಡೈತಿ?" ಎಂದು ಹೆಂಡತಿ ಮಕ್ಕಳ ಎದುರಿಗೇ ಜಾಡಿಸುವರು. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುವರು. ಬಿಗಿ ಮಾಡಿ ಮುಗಿದ ಮೇಲೆ ಬಾನೆಟ್ ಮುಚ್ಚದೆ, ಯಾರಾದರೂ ನೋಡಲಿ ಎಂದು ಅರ್ಧ ಗಂಟೆ ಹಾಗೇ ಬಿಡುವರು. ನನಗೆ ಅವರು ಹಿಡಿಸಿದ್ದು ಇದಕ್ಕೇ ಇರಬೇಕು. ಆಮೇಲೆ ಗಾಡಿ ಚೆನ್ನಾಗಿದ್ದರೂ ಅಲ್ಲಿ ನಿಲ್ಲಿಸಿ ಚಹಾ ಕುಡಿದು ಹೋಗುವುದು ರೂಢಿಯಾಯಿತು.

ಅವರ ಕೈಕೆಳಗೆ ವೀರೇಶ ಎಂಬವನಿದ್ದ. ಮದುವೆಯಾದವನು, ಕೆಲಸ ಪೂರ್ತಿ ಕಲಿತವನು. ಲಿಂಗಸುಗೂರಿನಲ್ಲಿ ಸ್ವಂತ ಗ್ಯಾರೇಜು ಹಾಕುತ್ತೇನೆಂದಾಗ ಉಸ್ತಾದರು ತಮ್ಮದೊಂದು ಪಾನಾ ಸೆಟ್ಟು ಕೊಟ್ಟು, "ಬಿಚ್ಚೋಕಿಂತ ಮೊದಲ ಫೋನ್ ಮಾಡಲೇ. ಇದೊಂದು ಬಿಡಬ್ಯಾಡ" ಎಂದಿದ್ದರು. ವೀರೇಶ ಕಾಲು ಮುಟ್ಟಿ ಹೋದ. ಅಂಗಡಿ ಪೂಜೆಯ ಫೋಟೋ ತೆಗೆದವನು ನಾನೇ. ಅದರಲ್ಲಿ ಉಸ್ತಾದರು ಮಗನ ಮದುವೆಗೆ ಬಂದವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದಾರೆ.

ಇನ್ನು, ವೀರೇಶ ಹೋದ ಮೇಲೆ ಬಂದ ಜವಳಗೇರಾದ ಭತ್ತದ ವ್ಯಾಪಾರಿಯ ಕಾರಿನ ವಿಷಯ. ಅದಕ್ಕೂ ಇದೇ ರೋಗ, ಇನ್‌ಟೇಕ್ ಪ್ಯಾಕಿಂಗ್ ಹೋಗಿತ್ತು. ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಆ ಕಾರಿನ ಪ್ಯಾಕಿಂಗ್ ಮಸ್ಕಿಯಲ್ಲಿ ಇಲ್ಲ, ರಾಯಚೂರಿನಿಂದ ಬರಬೇಕು. ವ್ಯಾಪಾರಿಗೆ ಅವತ್ತೇ ಬೀಗರ ಊರು ಮುಟ್ಟಬೇಕು. ಉಸ್ತಾದರು ಒಲ್ಲದ ಮನಸ್ಸಿನಿಂದ ಪ್ಯಾಕಿಂಗ್ ಹಾಳೆಯನ್ನು ಕೈಯಿಂದಲೇ ಕತ್ತರಿಸಿ, ದಪ್ಪಗೆ ಪೇಸ್ಟ್ ಹಚ್ಚಿ ಕೂಡಿಸಿದರು. "ಇದು ಊರು ಮುಟ್ಟಾಕ ಅಷ್ಟ ರೀ. ಖರೇ ಪ್ಯಾಕಿಂಗ್ ಬಂದ ಕೂಡ್ಲೆ ಫೋನ್ ಮಾಡ್ತೀನಿ, ತರ್ರಿ. ಅಲ್ಲಿತನ ದೂರ ಓಡಸಬ್ಯಾಡ್ರಿ" ಎಂದರು. ವ್ಯಾಪಾರಿ "ಆತು ಬಿಡ್ರಿ" ಎಂದು ಹೋದ. ಪ್ಯಾಕಿಂಗ್ ಬಂತು. ಉಸ್ತಾದರು ಫೋನ್ ಮಾಡಿದರು. ಭತ್ತದ ಸೀಜನ್ ಮುಗಿಯಲಿ ಎಂದ. ಸೀಜನ್ ಮುಗಿಯಿತು. ಪ್ಯಾಕಿಂಗ್ ಕವರಿನೊಳಗೇ ಗೋಡೆಯ ಮೊಳೆಗೆ ತೂಗಾಡುತ್ತ ಉಳಿಯಿತು.

ಕೊನೆಗೆ ಆ ಕಾರು ಲಿಂಗಸುಗೂರಿನ ಹತ್ತಿರ ಹೊಗೆ ಬಿಟ್ಟು ನಿಂತಿತು. ಎಳೆದುಕೊಂಡು ಹೋದದ್ದು ವೀರೇಶನ ಗ್ಯಾರೇಜಿಗೆ. ಅವನು ಫೋನು ಕೈಗೆ ತೆಗೆದುಕೊಂಡದ್ದು ನಿಜ, ಮಾತಾಡಲಿಕ್ಕಲ್ಲ. ಅಷ್ಟು ಹೊತ್ತಿಗೆ ಅವನಿಗೆ ತನ್ನ ಗ್ಯಾರೇಜಿನ ವಿಡಿಯೋ ಹಾಕುವ ಚಟ ಹತ್ತಿತ್ತು. ಹರಿದ ಪ್ಯಾಕಿಂಗು, ನೀರಿನ ದಾರಿಯಲ್ಲಿ ಗಡ್ಡೆ ಕಟ್ಟಿದ ಪೇಸ್ಟು, ಎಲ್ಲವನ್ನೂ ಹತ್ತಿರದಿಂದ ತೋರಿಸಿ, "ಮಸ್ಕಿ ಕಡೆ ಹಳೇ ಉಸ್ತಾದರ ಕೆಲಸ ನೋಡ್ರಿ, ಒಂದು ಇಂಜಿನ್ನು ಹಾಳಾಗೈತಿ" ಎಂದು ನಕ್ಕಿದ್ದ. ಹೆಸರು ಹೇಳಿರಲಿಲ್ಲ. ಮಸ್ಕಿಯಲ್ಲಿ ಹಳೇ ಉಸ್ತಾದರು ಎಂದರೆ ಯಾರೆಂದು ಕುರಿ ಕಾಯುವವನಿಗೂ ಗೊತ್ತು. ಸಂಜೆಯೊಳಗೆ ಅದು ಸಿಂಧನೂರಿನ ಗುಂಪುಗಳಲ್ಲೂ ಓಡಾಡಿತು. ಅದು ಊರು ಮುಟ್ಟಲಿಕ್ಕಷ್ಟೇ ಮಾಡಿದ ಕೆಲಸವೆಂದು ವ್ಯಾಪಾರಿ ಬಾಯಿ ಬಿಡಲಿಲ್ಲ.

ನಾನು ಕ್ಯಾಮೆರಾ ಹಿಡಿದುಕೊಂಡೇ ಉಸ್ತಾದರ ಗ್ಯಾರೇಜಿಗೆ ಹೋದೆ. ವಿಡಿಯೋವನ್ನು ಎಲ್ಲಿ ಕತ್ತರಿಸಿದರೆ ಯಾರು ಕಳ್ಳರಾಗುತ್ತಾರೆ ಎನ್ನುವುದು ನನ್ನ ಹೊಟ್ಟೆಪಾಡಿನ ವಿದ್ಯೆ.

"ಆ ಮೊಳಿಗಿರೋ ಪ್ಯಾಕಿಂಗ್ ತೋರಿಸಿ ಎರಡು ಮಾತು ಹೇಳ್ರಿ ಉಸ್ತಾದ್ರೇ. ಉಳಿದಿದ್ದು ನಾ ನೋಡ್ಕೋತೀನಿ."

"ಏನಂತ ಹೇಳಲಿ ಅಮರೇಶಪ್ಪ?"

"ಖರೇ ಏನೈತಿ ಅದನ್ನ."

"ಹಾಳಿ ಕತ್ತರಿಸಿದ್ದು ನಾನು. ಪೇಸ್ಟ್ ಹಚ್ಚಿದ್ದು ನಾನು. ಅಂವ ತೋರಿಸಿದ್ದೂ ಅದನ್ನ. ಸುಳ್ಳೇನು ಹೇಳ್ಯಾನ? ಒಂದು ಫೋನ್ ಮಾಡಬೇಕಾಗಿತ್ತು, ಮಾಡಲಿಲ್ಲ. ಅಷ್ಟ ನನ್ನ ತಕರಾರು." ನನ್ನ ಕ್ಯಾಮೆರಾವನ್ನು ಕೈಯಿಂದ ಪಕ್ಕಕ್ಕೆ ಸರಿಸಿ, "ಗಿರಾಕಿ ಇಜ್ಜತ್ ತೆಗದು ನಂದು ಉಳಿಸ್ಕೊಳ್ಳೋದು ನನಗ ಬರಂಗಿಲ್ಲ" ಎಂದರು.

ನನಗೆ ಅವರ ಮೇಲೇ ಸಿಟ್ಟು ಬಂತು. ಮರ್ಯಾದೆ ಅವರೊಬ್ಬರದೇ ಆಗಿದ್ದರೆ ಬಿಡಬಹುದಿತ್ತು, ಮನೆಯ ಒಲೆ ಕೂಡ ಅದರ ಮೇಲೇ ಉರಿಯುತ್ತಿತ್ತಲ್ಲ. ಗಾಡಿಗಳು ಕಡಿಮೆಯಾದವು. ಮೊದಲು ಬೈಸಿಕೊಂಡು ಹಲ್ಲು ಕಿರಿಯುತ್ತಿದ್ದ ಗಿರಾಕಿಗಳೇ ಈಗ ಬೈದರೆ, "ನಿಮ್ಮ ಕೆಲಸಾನೂ ನೋಡೀವಿ ಬಿಡ್ರಿ" ಅನ್ನುತ್ತಿದ್ದರು. ಉಸ್ತಾದರು ಬೈಯುವುದನ್ನೇ ಬಿಟ್ಟರು. ಬೈಯದ ಖಾಸಿಂ ಉಸ್ತಾದರನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಕಡೆಯ ಸಲ ನಾನು ಅಲ್ಲಿದ್ದಾಗ ಸಿಂಧನೂರು ಕಡೆಯ ಆರ್.ಎಚ್. ಕ್ಯಾಂಪಿನ ಮೀನು ವ್ಯಾಪಾರಿಯೊಬ್ಬ ಬಿಸಿಯೇರಿ ನಿಂತ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಲಿಂಗಸುಗೂರಿನಲ್ಲಿ ಮೊನ್ನೆ ಮೊನ್ನೆ ಇನ್‌ಟೇಕ್ ಬಿಚ್ಚಿಸಿದ್ದನಂತೆ. ಬಿಚ್ಚಿದವನು ವೀರೇಶ. ಉಸ್ತಾದರು ಬಗ್ಗಿ ನೋಡಿದರು, ನಾನೂ ಬಗ್ಗಿದೆ. ಕೂಡುವ ಜಾಗದಲ್ಲಿ ಪ್ಯಾಕಿಂಗಿನ ಅಂಚು ಮಡಚಿ ಹೊರಗೆ ಬಂದಿತ್ತು, ನೀರಿನ ಬಿಳಿ ಕಲೆ ಎದ್ದಿತ್ತು. ದೇವರೇ ತಂದುಕೊಟ್ಟ ಹಾಗಿತ್ತು. ನನ್ನ ಕೈ ತಾನಾಗಿ ಕ್ಯಾಮೆರಾ ಬ್ಯಾಗಿಗೆ ಹೋಯಿತು. ಉಸ್ತಾದರ ಕೈ ಫೋನಿಗೆ ಹೋಯಿತು.

ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು, ಆ ಕಡೆಯಿಂದ ಕಟ್ ಆಯಿತು. ಮತ್ತೆ ಮಾಡಿದರೆ ಫೋನು ಬಂದ್.

"ಜರಾ ಸಬರ್ ಮಾಡ್ರಿ. ಇಂಜಿನ್ನೂ ತಣ್ಣಗಾಗಲಿ, ಅಂವ ಕೆಲಸದಾಗ ಇದ್ದಾನು" ಎಂದು ಗಿರಾಕಿಗೆ ಸ್ಟೂಲು ಹಾಕಿದರು. ಇಂಜಿನ್ನು ತಣ್ಣಗಾಯಿತು. ಗಿರಾಕಿ ಬಿಸಿಯಾದ. "ಬಿಚ್ಚಾಕ ಬರಂಗಿಲ್ಲ ಅಂದ್ರ ಬರಂಗಿಲ್ಲ ಅನ್ರಿ" ಎಂದು ಮತ್ತೆ ಹಗ್ಗ ಕಟ್ಟಿಸಿಕೊಂಡು ಸಿಂಧನೂರಿನ ಕಡೆ ಹೋದ.

ನಾನು ತಡೆದುಕೊಳ್ಳಲಿಲ್ಲ. "ಅಂವ ನಿಮ್ಮ ಹೊಟ್ಟಿ ಮ್ಯಾಲೆ ಹೊಡದಾನ. ಅಂವಗ ಎಂಥಾ ಫೋನು ಉಸ್ತಾದ್ರೇ?"

"ಒಳಗ ಏನೇನ್ ಮಾಡ್ಯಾನ ನನಗೇನ್ ಗೊತ್ತು? ಕೇಳದ ಕೈ ಹಚ್ಚಿ ಒಮ್ಮೆ ತಪ್ಪೀನಿ. ನಿನ್ನ ಗಾಡಿದಾಗ. ಮರ್ತಿಯೇನು?"

ಚಹಾ ಬಂದಿತ್ತು. ನಾನು ಕುಡಿಯದೆ ಎದ್ದು ಬಂದೆ. ಅದಾದ ಮೇಲೆ ಮದುವೆಯ ದಿನಗಳು, ಓಡಾಟ. ಎದೆನೋವೆಂದು ಲಿಂಗಸುಗೂರಿಗೆ ಒಯ್ಯುವಾಗ ಉಸ್ತಾದರು ದಾರಿಯಲ್ಲೇ ಹೋದರು ಎಂಬ ಸುದ್ದಿ ಬಂದಾಗ ನಾನು ಯಾರದೋ ಅರಿಶಿಣದ ಫೋಟೋ ತೆಗೆಯುತ್ತಿದ್ದೆ.

ಗ್ಯಾರೇಜು ಖಾಲಿ ಮಾಡುವ ದಿನ ಉಸ್ತಾದರ ಹೆಂಡತಿ ನನ್ನನ್ನು ಕರೆಸಿದ್ದರು. ವೀರೇಶನೂ ಬಂದಿದ್ದ. ಮಣ್ಣಿಗೆ ಬಂದಾಗಲೂ ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ, ಅದನ್ನು ಕಂಡು ನನ್ನ ಮೈಯೆಲ್ಲ ಉರಿದಿತ್ತು. ಈಗ ಸುಮ್ಮನೆ ಸಾಮಾನು ಇಳಿಸುತ್ತಿದ್ದ. ಮೊಳೆಗೆ ತೂಗಿದ್ದ ಧೂಳು ಹಿಡಿದ ಕವರು ಅವನ ಕೈಗೆ ಬಂತು. ಎಷ್ಟಾದರೂ ಮೇಸ್ತ್ರಿ, ಆಕಾರ ನೋಡಿಯೇ ಗುರುತು ಹಿಡಿದ.

"ಇದು ಜವಳಗೇರಾದವರ ಕಾರಿಂದಲ್ರಿ ಸರ?"

"ಹೌದು. ನೀ ವಿಡಿಯೋ ಮಾಡಿದ್ದಿಯಲ್ಲ, ಅದರದ್ದ. ಅವತ್ತ ಹಚ್ಚಿದ್ದು ಊರು ಮುಟ್ಟಾಕ ಅಷ್ಟ. ಇದನ್ನ ತರಿಸಿಟ್ಟು ಎಷ್ಟು ಫೋನ್ ಮಾಡಿದ್ರೂ ಅಂವ ಬರಲಿಲ್ಲ."

ವೀರೇಶ ಕವರನ್ನು ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ನನಗೂ ಒಂದಿನ ಫೋನ್ ಮಾಡಿದ್ರು ರೀ ಸರ ಉಸ್ತಾದ್ರು. ಮ್ಯಾಲಿಂದ ಮ್ಯಾಲೆ ಮಾಡಿದ್ರು. ವಿಡಿಯೋ ಸಲುವಾಗಿ ಬೈತಾರಂತ ತಿಳದು ಎತ್ತಲಿಲ್ಲ. ಬಂದ್ ಮಾಡಿಟ್ಟೆ."

ಅವರು ಯಾಕೆ ಮಾಡಿದ್ದರೆಂದು ನಾನು ಹೇಳದೆ ಇರಬಹುದಿತ್ತು. ಉಸ್ತಾದರಾಗಿದ್ದರೆ ಹೇಳುತ್ತಿರಲಿಲ್ಲ. ನಾನು ಮಾತ್ರ ಅವನಿಗೆ ನೋಯಲಿ ಎಂದೇ ಹೇಳಿದೆ.

"ಬೈಯಾಕಲ್ಲಲೇ ವೀರೇಶ. ಅವತ್ತ ನಿನ್ನ ಗಾಡಿ ಇಲ್ಲಿಗೆ ಬಂದಿತ್ತು. ಎಲ್ಲೆಲ್ಲಿ ಕೈ ಹಚ್ಚೀದಿ ಅಂತ ಕೇಳಾಕ ಮಾಡಿದ್ರು."

ವೀರೇಶ ಖಾಲಿಯಾದ ಗೋಡೆಯಲ್ಲಿ ಆ ಮೊಳೆಯನ್ನು ಹುಡುಕಿ ಕವರನ್ನು ಮತ್ತೆ ಸಿಕ್ಕಿಸಲು ಹೋದ. ಮೊಳೆ ತಪ್ಪಿ ಅದು ಕೆಳಗೆ ಬಿತ್ತು. ಎತ್ತಿಕೊಂಡು, ಧೂಳು ಒರೆಸಿ, ಮತ್ತೆ ಸಿಕ್ಕಿಸಿದ.